ಗುಡುಗಮ್ಮನ ಎದೆಪಟ್ಟಿ

ನಾಯಿಗಳಿಗೆ ನಡಿಗೆ ಕಲಿಸುವ ಕ್ಲಾಸಿನ ಮೇಡಂ ಬೆನ್ನು ತಿರುಗಿಸಿದರೆ ಸಾಕು, ಎಲ್ಲರ ಬಾಯಲ್ಲೂ ಅವಳು ಗುಡುಗಮ್ಮ. ಅದು ಅವಳಿಗೂ ಗೊತ್ತಿತ್ತು. ಮೊದಲು ಬ್ಯಾಗು ಹೊಲಿಯುವ ಕಾರ್ಖಾನೆಯಲ್ಲಿದ್ದವಳು; ಅದು ಮುಚ್ಚಿದಾಗ ಒಂದು ಹಳೆಯ ಯಂತ್ರ ಮನೆಗೆ ತಂದು ನಾಯಿಗಳ ಕತ್ತಿಗೂ ಎದೆಗೂ ಕಟ್ಟುವ ಪಟ್ಟಿ ಹೊಲಿಯತೊಡಗಿದಳು. ಕೊಂಡವರು ಅದನ್ನು ಹಾಕುವ ಅವತಾರ ನೋಡಲಾಗದೆ ಕ್ಲಾಸು ಶುರುಮಾಡಿದಳು. ಅವಳ ಶಾಲೆ ಹುಟ್ಟಿದ್ದೇ ಸಿಟ್ಟಿನಿಂದ.

ಗೋದಾಮಿನ ಹಿಂದಿನ ಅಂಗಳದಲ್ಲಿ ಕ್ಲಾಸು, ಗೇಟಿನಲ್ಲೇ ತಪಾಸಣೆ. ಕತ್ತಿನ ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಎದೆಪಟ್ಟಿ ಭುಜಕ್ಕೆ ಅಡ್ಡ ಬರಬಾರದು, ಕಂಕುಳಲ್ಲಿ ಉಜ್ಜಬಾರದು. "ಬೆಳೆಯೋ ಮರಿ ಅಲ್ವಾ, ದೊಡ್ಡದೇ ತಗೊಂಡೆ" ಅಂದವನಿಗೆ, "ನಿಮ್ಮ ಮಗೂಗೂ ನಿಮ್ಮ ಚಪ್ಪಲಿನೇ ಹಾಕಿ ರಸ್ತೆ ದಾಟಿಸ್ತೀರಾ?" ಅಂದಿದ್ದಳು. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ತಂದವಳಿಗೆ, ಇದು ಗಾಳಿಪಟ ಹಾರಿಸುವ ಜಾಗವಲ್ಲ ಎಂದಿದ್ದಳು. ಬೈದ ಮೇಲೆ ತನ್ನ ಟ್ರಂಕಿನಿಂದ ಸರಿಯಾದದ್ದನ್ನು ತೆಗೆದುಕೊಡುವಳು. ಹಾಗಾಗಿ ಜನ ಬೈಸಿಕೊಂಡೂ ಬರುತ್ತಿದ್ದರು.

ಒಂದು ಭಾನುವಾರ ಅವಳ ಭಾವ ಅಕ್ಕನ ಕಂದು ನಾಯಿಯನ್ನು ಹಿಡಿದುಕೊಂಡು ಬಂದ. ಅದು ಬೀದಿಯಲ್ಲಿ ಎಳೆದಾಡಿ ಅಕ್ಕನ ಮಣಿಕಟ್ಟು ಉಳುಕಿತ್ತು. ಇವತ್ತು ಕ್ಲಾಸಿನಲ್ಲಿ ಸರಿಯಾಗಿ ನಡೆಯದಿದ್ದರೆ ನಾಳೆಯೇ ನಾಯಿಯನ್ನು ಯಾವುದೋ ಗೋದಾಮಿನ ಕಾವಲಿಗೆ ಕೊಟ್ಟುಬಿಡುವುದಾಗಿ ಭಾವ ಹೇಳಿದ್ದ. "ಹೇಗಾದ್ರೂ ಮಾಡಿ ಉಳಿಸು ಕಣೇ" ಎಂದು ಅಕ್ಕ ಬೆಳಗ್ಗೆಯೇ ಫೋನಿನಲ್ಲಿ ಅತ್ತಿದ್ದಳು.

ನಾಯಿಯ ಕತ್ತಿನಲ್ಲಿ ಎಳೆದಷ್ಟೂ ಬಿಗಿಯುವ ಸರಪಣಿ. ಅದು ಮುಂದಕ್ಕೆ ಜಗ್ಗುತ್ತಿತ್ತು, ಕೆಮ್ಮುತ್ತಿತ್ತು, ಮತ್ತೆ ಜಗ್ಗುತ್ತಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಭಾವ ಇದು? ನೇಣು ಹಾಕೋಕೆ ಕರ್ಕೊಂಡು ಬಂದಿದೀರಾ?"

"ಅಂಗಡಿಯವನು ಇದೇ ಗಟ್ಟಿ ಅಂದ. ಹಿಡಿತ ಬೇಕಲ್ಲಮ್ಮ."

"ಹಿಡಿತ ಬೇಕಿದ್ರೆ ನಿಮ್ಮ ಕತ್ತಿಗೆ ಹಾಕ್ಕೊಂಡು ನೋಡಿ."

ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಅವಳು ನಿಲ್ಲಿಸಲಿಲ್ಲ. ಸರಪಣಿ ಕಿತ್ತು ಭಾವನ ಕೈಗೆ ತುರುಕಿದಳು. ಎದೆಯ ಮುಂದೆ ಉಂಗುರವಿದ್ದ ಒಂದು ಎದೆಪಟ್ಟಿ ತಂದು ನಾಯಿಯ ತಲೆಗೆ ತೂರಿಸಿದಳು, ಹೊಟ್ಟೆಯ ಬಕಲ್ ಹಾಕಿದಳು, ಉಂಗುರಕ್ಕೆ ಹಗ್ಗ ಸಿಕ್ಕಿಸಿದಳು. ಬಾಯಿ ಮಾತ್ರ ಭಾವನ ಮೇಲೆಯೇ ಇತ್ತು. ಅಕ್ಕನ ಮದುವೆಯಾದಂದಿನಿಂದ ನುಂಗಿಕೊಂಡಿದ್ದೆಲ್ಲ ಹೊರಬಿತ್ತು. ಅಕ್ಕನ ಮಾತು ಈ ಮನುಷ್ಯ ಎಂದಾದರೂ ಕೇಳಿದ್ದಾನೆಯೇ? ಈಗ ನಾಯಿಯನ್ನೂ ಕಿತ್ತುಕೊಳ್ಳಲು ಹೊರಟಿದ್ದಾನೆ.

"ನಿಮ್ಮಂಥವರಿಗೆ ನಾಯಿ ಯಾಕೆ ಬೇಕು?" ಎಂದು ಅವಳು ಗುಡುಗಿದಾಗ ನಾಯಿ ಕಿವಿ ಮುದುರಿ ಹಿಂದಕ್ಕೆ ಜಗ್ಗಿತು. ಎದೆಪಟ್ಟಿ ತಲೆಯ ಮೇಲಿಂದ ಕಳಚಿ ಅವಳ ಕೈಯಲ್ಲೇ ಉಳಿಯಿತು. ಗೇಟು ತೆರೆದಿತ್ತು, ಆಚೆ ಲಾರಿಗಳು ಓಡಾಡುತ್ತಿದ್ದವು.

ನಾಯಿ ರಸ್ತೆಗೆ ಓಡಲಿಲ್ಲ. ಭಾವನ ಕಾಲ ಹಿಂದೆ ಹೋಗಿ ನಡುಗುತ್ತ ಅಡಗಿತು.

ಅವಳು ಕೈಯಲ್ಲಿದ್ದ ಪಟ್ಟಿ ನೋಡಿದಳು. ಹೊಟ್ಟೆಯ ಪಟ್ಟಿಯನ್ನು ಬಿಗಿ ಮಾಡಿಯೇ ಇರಲಿಲ್ಲ, ಎರಡು ಬೆರಳಲ್ಲ, ಇಡೀ ಮುಷ್ಟಿ ಹೋಗುವಷ್ಟು ಸಡಿಲ. ಬೇರೆ ಯಾರಾದರೂ ಹೀಗೆ ಹಾಕಿಕೊಂಡು ಬಂದಿದ್ದರೆ ಅವರ ಜನ್ಮ ಜಾಲಾಡುತ್ತಿದ್ದಳು. ಅದಕ್ಕಿಂತ ಹೆಚ್ಚು ಉರಿದದ್ದು ಬೇರೆ. ಕತ್ತು ಹಿಸುಕುವ ಸರಪಣಿ ಹಿಡಿದು ನಿಂತವನ ಬಳಿಗೇ ನಾಯಿ ಹೋಗಿತ್ತು, ಅವಳಿಂದ ತಪ್ಪಿಸಿಕೊಳ್ಳಲು.

ಭಾವ ಮಂಡಿಯೂರಿ ನಾಯಿಯ ಬೆನ್ನು ಸವರಿದ. "ಹಾಕಮ್ಮ. ನಾನು ಹಿಡ್ಕೊಂಡಿರ್ತೀನಿ."

ಅವಳು ನಾಯಿಯ ಪಕ್ಕ ಕೂತು ಎದೆಪಟ್ಟಿಯನ್ನು ಮತ್ತೆ ತೊಡಿಸಿದಳು. ಪಟ್ಟಿ ಎಳೆದಳು, ಎದೆಯ ಬಳಿ, ಹೊಟ್ಟೆಯ ಬಳಿ ಬೆರಳು ಹಾಕಿ ನೋಡಿದಳು. ನಾಯಿ ನಡುಗುವುದು ನಿಂತಿತು. ಭಾವ ಅಂಗಳ ಸುತ್ತಿ ಬಂದ. ನಾಯಿ ಮುಂದಕ್ಕೆ ಜಗ್ಗಿದಾಗಲೆಲ್ಲ ಎದೆಯ ಉಂಗುರ ಅದನ್ನು ಅವನ ಕಡೆಗೇ ತಿರುಗಿಸಿತು. ಕೊನೆಗೆ ಹಗ್ಗ ಸಡಿಲವಾಗಿಯೇ ತೂಗಿತು.

"ನಾಯಿ ಮನೆಯಲ್ಲೇ ಇರಲಿ ಬಿಡು" ಎಂದು ಭಾವ ಸರಪಣಿಯನ್ನು ಅವಳ ಟ್ರಂಕಿಗೆ ಹಾಕಿದ. "ನಾನಿನ್ನು ಎಳೆಯಲ್ಲ. ನೀನೂ ದನಿ ಸ್ವಲ್ಪ ಸಡಿಲ ಬಿಡಮ್ಮ, ಅದರ ಎದುರಿಗೆ."

ಉತ್ತರ ನಾಲಿಗೆಯ ತುದಿಗೇ ಬಂದಿತ್ತು, ಒಳ್ಳೆಯ ಖಾರದ್ದು. ನಾಯಿ ಅವಳ ಮುಖವನ್ನೇ ನೋಡುತ್ತಿತ್ತು.

"ಆಯ್ತು ಭಾವ" ಎಂದಳು ಗುಡುಗಮ್ಮ, ಮೆಲ್ಲಗೆ.