ನಂಜಪ್ಪ ಅಂಕಲ್ ಕಾದ ನಲವತ್ತೊಂದು ದಿನ

ಮೊನ್ನೆ ಶನಿವಾರ ಬೆಳಗ್ಗೆ ಬೆಲ್ ಆಯಿತು. ಬಾಗಿಲು ತೆರೆದರೆ ಪಕ್ಕದ ಮನೆಯ ನಂಜಪ್ಪ ಅಂಕಲ್. ಇಸ್ತ್ರಿ ಮಾಡಿದ ಷರ್ಟು, ಪಾಲಿಶ್ ಹೊಡೆದ ಬೂಟು.

"ಆಫೀಸಿನ ಗಲಾಟೆ ಮುಗೀತಾ ಮಗಳೇ? ಒಂದೈದು ನಿಮಿಷ ಬರ್ತೀಯಾ?"

ಅಂಕಲ್ ಹಾಸನದ ಕಡೆಯವರು. ಫೌಜಿನಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಈಗ ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವರ ಹೆಂಡತಿ ಸರೋಜಾ ಆಂಟಿ ತೀರಿಕೊಂಡು ವರ್ಷವಾಯಿತು.

ಆಂಟಿಗೆ ಒಂದೇ ಹಟ. ಮೊಮ್ಮಗಳು ರಿಯಾ ಕನ್ನಡ ಮಾತಾಡಬೇಕು. (ಅವಳಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಹಿಂದಿ. ದಿಲ್ಲಿ ಮಕ್ಕಳ ಕಥೆ ನಿಮಗೆ ಗೊತ್ತಲ್ಲ!) ದಿನಾ ಕಂಪ್ಯೂಟರಿನ ಮುಂದೆ ಕೂತು, ಮೈಕ್ ಹಾಕಿಕೊಂಡು, ಪಾಠ ರೆಕಾರ್ಡ್ ಮಾಡುತ್ತಿದ್ದರು. "ರಿಯಾ, ಇದು ಸೌತೆಕಾಯಿ. ಖೀರಾ ಅಂದ್ರೆ ಕೊಡಲ್ಲ ನೋಡು!" ಶನಿವಾರ ರಿಯಾ ಬಂದಾಗ ಅವನ್ನು ಕೂತು ಕೇಳಬೇಕು. ಆಂಟಿ ಹೋದ ಮೇಲೂ ಶನಿವಾರದ ಪಾಠ ನಿಂತಿರಲಿಲ್ಲ.

ಅವರ ಹಳೇ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಕಾಫಿ ಕುಡಿದು ಮುಗಿಸಬಹುದಿತ್ತು. ಹೊಸದು ತರಿಸಿದವಳು ನಾನೇ. ಸಾಫ್ಟ್‌ವೇರ್‌ನವಳು ತಾನೇ? ಈಗಿನ ಡೆಸ್ಕ್‌ಟಾಪ್ ಅಂದರೆ ದೊಡ್ಡ ಮೊಬೈಲು. ಫೋಲ್ಡರುಗಳ ಜಾಗದಲ್ಲಿ ದಪ್ಪ ದಪ್ಪ ಚೌಕಗಳು, ಬೆರಳಿಟ್ಟರೆ ತೆರೆಯುವ ಆ್ಯಪ್‌ಗಳು. "ಇಲ್ಲಿರೋದೇ ಫೋನಲ್ಲೂ ಇರುತ್ತೆ ಅಂಕಲ್, ಎರಡೂ ಒಂದೇ" ಎಂದು ಜಂಬದಿಂದ ಹೇಳಿದ್ದೆ. ಪಾಠಗಳನ್ನೆಲ್ಲ ಹೊಸದಕ್ಕೆ ಸಾಗಿಸಿ, ಹಳೆಯದನ್ನು ಪೂರ್ತಿ ಅಳಿಸಿ ಹಳೇ ಸಾಮಾನು ಕೊಳ್ಳುವ ಕಬಾಡಿ ಭಯ್ಯಾನಿಗೆ ಕೊಟ್ಟಿದ್ದೂ ನಾನೇ. ಸೆಕ್ಯುರಿಟಿ ನೋಡಿ!

ಅಂಕಲ್ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದರು. "ಆಂಟಿ ಪಾಠಗಳು ಕಾಣ್ತಿಲ್ಲ. ಎಲ್ಲೋ ಸರಿದಿರಬೇಕು. ಸ್ವಲ್ಪ ಹುಡುಕಿಕೊಡು."

ಆ್ಯಪ್ ತೆರೆದೆ. ಖಾಲಿ. ಅಳಿಸಿದ್ದೆಲ್ಲ ಹೋಗಿ ಬೀಳುವ ಬುಟ್ಟಿ ನೋಡಿದೆ. ಅದೂ ಖಾಲಿ.

"ಅಂಕಲ್, ಏನಾದ್ರೂ ಡಿಲೀಟ್ ಮಾಡಿದ್ರಾ?"

"ಇದರಲ್ಲಿ ಏನೂ ಮುಟ್ಟಿಲ್ಲಮ್ಮ. ಭಾನುವಾರ ಫೋನ್ ಸಫಾಯಿ ಮಾಡ್ತೀನಲ್ಲ, ಅಷ್ಟೇ."

ಭಾನುವಾರದ ಸಫಾಯಿ! ಮೂವತ್ತು ವರ್ಷದ ಫೌಜಿ ಅಭ್ಯಾಸ. ಬೂಟು, ಬೆಲ್ಟು, ಬೀರು, ಈಗ ಫೋನು. ಗುಡ್ ಮಾರ್ನಿಂಗ್ ಹೂವುಗಳಿಂದ ಹಿಡಿದು ಫೋನಿನಲ್ಲಿ ಕಾಣುವ ಪಾಠಗಳ ತನಕ ಎಲ್ಲವನ್ನೂ ಸ್ವಚ್ಛ ಮಾಡಿಬಿಡುತ್ತಾರೆ. ಕಂಪ್ಯೂಟರಿನಲ್ಲಿ ಇದ್ದೇ ಇರುತ್ತಲ್ಲ ಎಂಬ ಧೈರ್ಯ. ಮೊದಲು ಇರುತ್ತಿತ್ತು ಕೂಡ. ಈಗ ಫೋನಿನಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ. ಇದನ್ನು ನಾನು ಅವರಿಗೆ ಹೇಳಿದ್ದೆನೇ? ಇಲ್ಲ.

"ಅಳಿಸುವಾಗ ಫೋನು ಇಂಗ್ಲಿಷ್‌ನಲ್ಲಿ ಏನೋ ಕೇಳ್ತು. ಏನೇ ಕೇಳಿದ್ರೂ ಓಕೆ ಒತ್ತಿ ಅಂತ ನೀನೇ ಹೇಳಿದ್ಯಲ್ಲ, ಒತ್ತಿದೆ" ಎಂದರು. ದೂರಲಿಲ್ಲ. ರಿಪೋರ್ಟ್ ಕೊಟ್ಟರು, ಅಷ್ಟೇ.

"ಯಾವತ್ತು ಅಂಕಲ್?"

"ಇವತ್ತಿಗೆ ನಲವತ್ತೊಂದು ದಿನ. ಅವತ್ತು ಸಂಜೆಯೇ ಪಾಠ ಕಾಣ್ಲಿಲ್ಲ."

ಆ ಬುಟ್ಟಿ ಎಲ್ಲವನ್ನೂ ಮೂವತ್ತು ದಿನ ಇಟ್ಟುಕೊಳ್ಳುತ್ತದೆ. ಆಮೇಲೆ ಯಾರು ಬೇಡಿದರೂ ಕೊಡುವುದಿಲ್ಲ. ಇದನ್ನು ಅವರಿಗೆ ಹೇಗೆ ಹೇಳಿದೆನೋ, ಈಗ ನೆನಪಿಲ್ಲ. ಹೇಳುತ್ತಾ ಅತ್ತುಬಿಟ್ಟೆ. ಅವರು ಒಳಗೆ ಹೋಗಿ ನೀರು ತಂದುಕೊಟ್ಟರು.

"ಐದು ಶನಿವಾರ ರಿಯಾಗೆ 'ಅಜ್ಜಿ ಪಾಠ ಇಲ್ಲ, ಛುಟ್ಟಿ ಮೇಲಿದ್ದಾರೆ' ಅಂತ ಹೇಳಿಟ್ಟಿದ್ದೆ" ಎಂದರು. "ಇವತ್ತೂ ಬರ್ತಾಳೆ."

ನನಗೆ ಸಿಟ್ಟೇ ಬಂತು. "ಅವತ್ತೇ ಯಾಕೆ ಕರೀಲಿಲ್ಲ ಅಂಕಲ್? ಎರಡು ನಿಮಿಷದ ಕೆಲಸ!"

"ಲಿಫ್ಟಿನಲ್ಲಿ ಎರಡು ಸಲ ಕೇಳೋಣ ಅಂತಿದ್ದೆ. ನೀನು ಫೋನಲ್ಲಿ ಮಾತಾಡ್ತಿದ್ದೆ. ಬ್ಯುಸಿ ಇರ್ತೀಯಲ್ಲಮ್ಮ."

ಹೌದು, ಬ್ಯುಸಿ ಇದ್ದೆ. ನಮ್ಮ ಆ್ಯಪನ್ನು ಜನ ಒಂದೇ ಬೆರಳಲ್ಲಿ ಬಳಸುವ ಹಾಗೆ ಮಾಡುತ್ತಿದ್ದೆ. ಪಕ್ಕದ ಮನೆಯ ಮನುಷ್ಯ ಆ ಬೆರಳನ್ನು ನನ್ನ ಬೆಲ್ಲಿನ ಮೇಲಿಡಲು ನಲವತ್ತೊಂದು ದಿನ ಹಿಂಜರಿದರಲ್ಲ, ಅದನ್ನು ಯಾರು ಸರಿ ಮಾಡುತ್ತಾರೆ?