ಎರಡನೆಯ ಕಿವಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಮುಚ್ಚಿಟ್ಟಿದ್ದೇನೆ. ಈಗ ಕಣ್ಣು ಮಂಜಾಗುತ್ತಿದೆ. ಇನ್ನೂ ತಡ ಮಾಡಿದರೆ ಬರೆದದ್ದು ನನಗೇ ಕಾಣುವುದಿಲ್ಲ.

ಮೊನ್ನೆ ಮಾತ್ರೆಗಾಗಿ ಮೇಜಿನ ಖಾನೆಯಲ್ಲಿ ಕೈಯಾಡಿಸುವಾಗ ಒಣಗಿದ ರೇಷ್ಮೆಗೂಡೊಂದು ಸಿಕ್ಕಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಸತ್ತ ಹುಳ ಕಟಕಟ ಅಂದಿತು. ಮೇಷ್ಟ್ರು ಕೊಟ್ಟ ಗೂಡು ಅದು.

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆ ಅವರದು. ತಾತನ ಕಾಲದಿಂದ ರೇಷ್ಮೆನೂಲು ತೆಗೆಯುವ ಮನೆತನ; ಇವರೊಬ್ಬರು ಓದಿ ಕನ್ನಡ ಮೇಷ್ಟ್ರಾದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ನಿವೃತ್ತಿಗೆ ಮುಂಚೆಯೇ ಸಕ್ಕರೆ ಕಾಯಿಲೆ ಎರಡೂ ಕಣ್ಣನ್ನು ತೆಗೆದುಕೊಂಡಿತು. ಆಮೇಲೆ ಅವರು ಕಂಪ್ಯೂಟರ್ ಕಲಿತರು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿತ್ತು. ಒಬ್ಬರ ಸೊತ್ತಲ್ಲ, ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅದಕ್ಕೆ ಕನ್ನಡದ ದನಿ ಬೇಕೆಂದಾಗ ಮೇಷ್ಟ್ರು ಕೋಣೆಯ ಬಾಗಿಲು ಹಾಕಿಕೊಂಡು, ತಿಂಗಳುಗಟ್ಟಲೆ ವಾಕ್ಯಗಳನ್ನು ಓದಿ ತಮ್ಮ ದನಿಯನ್ನೇ ಕೊಟ್ಟರು. ಅಂದಿನಿಂದ ಅವರು ಎಂದೂ ಆಡದ ಮಾತುಗಳನ್ನೂ ಅದು ಅವರ ದನಿಯಲ್ಲಿ ಆಡುತ್ತಿತ್ತು. ಅವರು ನನ್ನೆದುರು ಕೂತು ಚಾ ಕುಡಿಯುತ್ತಿರುವಾಗಲೇ ಒಳಕೋಣೆಯಿಂದ ಅವರೇ ಮಾತನಾಡುವುದು ಕೇಳಿಸುತ್ತಿತ್ತು... ನಾನು ಎಷ್ಟೋ ಸಲ ಬೆಚ್ಚಿದ್ದೇನೆ.

ಒಂದು ಸಲ ಆ ದನಿ ಲ್ಯಾಬಿನ ವರದಿಯನ್ನು ಬರೀ ಅಂಕಿಗಳಾಗಿ ಓದಿತು. ಯಾವುದು ಊಟಕ್ಕೆ ಮುಂಚಿನದು, ಯಾವುದು ಊಟದ ನಂತರದ್ದು ಎಂದು ಹೇಳಲಿಲ್ಲ. ಮೇಷ್ಟ್ರು ತಪ್ಪು ತಿಳಿದು ಇನ್ಸುಲಿನ್ ಹೆಚ್ಚಾಗಿ ಚುಚ್ಚಿಕೊಂಡು ಬಚ್ಚಲಮನೆಯಲ್ಲಿ ಬಿದ್ದರು. ಎದ್ದ ಮೇಲೆ ಹಟ ಹಿಡಿದರು. ಪಟ್ಟಿ ಓದುವಾಗ ಪ್ರತಿ ಅಂಕಿಯ ಜೊತೆ ಅದರ ತಲೆಬರಹವನ್ನೂ ಹೇಳಬೇಕು, ಅದು ನಿಯಮವಾಗಬೇಕು ಎಂದು.

ಅಂಥ ನಿಯಮಗಳನ್ನು ಮಾಡುವ ಮಂಡಳಿಯೊಂದು ಹೊರದೇಶದಲ್ಲಿತ್ತು. ಮಂಡಳಿ ಬರೆದ ಮಾತ್ರಕ್ಕೆ ನಿಯಮ ನಿಲ್ಲುವುದಿಲ್ಲವಂತೆ. ತಂತ್ರಾಂಶ ಕಟ್ಟುವವರು ಅದನ್ನು ಮಾಡಿ ನೋಡಬೇಕು. ಅದೂ ಒಂದರಲ್ಲಿ ಸಾಲದು, ಎರಡು ಬೇರೆ ಬೇರೆ ತಂತ್ರಾಂಶಗಳಲ್ಲಿ, ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ, ಕೇಳಿಸಿದ್ದನ್ನು ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ಮೇಷ್ಟ್ರು ನನಗೆ ತಿಳಿಯುವ ಹಾಗೆ ಹೇಳಿದರು: "ನೂಲು ಚೆನ್ನಾಗದೆ ಅಂತ ನೂಲು ತೆಗೆದೋನೇ ಹೇಳಿದ್ರೆ ಯಾರು ನಂಬ್ತಾರೆ ಭಾಯಿ? ಆ ನೂಲು ಕೊಂಡು ಹುರಿ ಮಾಡೋನು ಹೇಳ್ಬೇಕು. ಕಂಪ್ಯೂಟರಲ್ಲಿ ನಾನು ಕೇಳ್ತೀನಿ. ಫೋನಲ್ಲಿರೋದು ಬೇರೆ ತಂತ್ರಾಂಶ, ದನಿ ಮಾತ್ರ ನಂದೇ, ಅದನ್ನ ನೀನು ಕೇಳು. ನೀನು ನನ್ನ ಎರಡನೇ ಕಿವಿ."

ಮೇಷ್ಟ್ರೇ ಕನ್ನಡದಲ್ಲಿ ಅಂಕಿಪಟ್ಟಿಗಳಿರುವ ನಲವತ್ತು ಪರೀಕ್ಷೆಯ ಪುಟ ಬರೆದಿದ್ದರು. ಪ್ರತಿ ಪುಟಕ್ಕೂ ಮುಂಚೆ ಈ ರೇಷ್ಮೆಗೂಡನ್ನೇ ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. "ಕಿವಿ ತೊಳ್ಕೊತಾ ಇದ್ದೀನಿ" ಅನ್ನುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, "ಮುದುಕರಿಬ್ಬರೂ ಹುಳ ಸೊಪ್ಪು ಮೇಯೋ ಸದ್ದು ಕೇಳೋರ್ ತರ ಕೂತವ್ರೆ" ಎಂದು ನಗುತ್ತಿದ್ದರು.

ನಾನು ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಗುಮಾಸ್ತನಾಗಿದ್ದವನು, ಎಸ್ಸೆಸ್ಸೆಲ್ಸಿ ಓದಿದವನು. ಹಾಲಿನ ಡಿಗ್ರಿ ನೋಡಿ ಬರೆಯುವುದು ನನ್ನ ಕೆಲಸವಾಗಿತ್ತು. ಬೇಸರವಾದ ದಿನ ಹಾಲಿಗೆ ಡಿಗ್ರಿ ಅಳೆಯುವ ಗಾಜಿನ ಬುರುಡೆ ಇಳಿಬಿಡದೆ ನಿನ್ನೆಯ ಡಿಗ್ರಿಯನ್ನೇ ಬರೆಯುತ್ತಿದ್ದೆ. ಆ ಅಭ್ಯಾಸ ಕೈ ಬಿಟ್ಟಿರಲಿಲ್ಲ. ನನ್ನ ಪಾಲಿನದನ್ನು ಮನೆಯಲ್ಲಿ ಒಬ್ಬನೇ ಕೂತು ಫೋನಿನಲ್ಲಿ ಆರು ಪುಟ ಕೇಳಿದೆ. ಅದೇ ದನಿ, ಅದೇ ಅಂಕಿ... ಮೇಷ್ಟ್ರ ವರದಿ ಎಲ್ಲರಿಗೂ ಕಾಣುವಂತೆ ಮಂಡಳಿಯ ಜಾಲತಾಣದಲ್ಲೇ ಇತ್ತು. ಉಳಿದ ಮೂವತ್ತನಾಲ್ಕು ಪುಟಗಳ ಸರಿ, ತಪ್ಪು ಎಂಬ ಫಲಿತಾಂಶವನ್ನು ಅದರಿಂದ ಇಳಿಸಿಕೊಂಡು, ಕೆಳಗೆ ನನ್ನ ಹೆಸರು ಹಾಕಿದೆ.

ಮರುದಿನ ಮಧ್ಯಾಹ್ನ ವರದಿ ಕೊಡಲು ಹೋದಾಗ ಎರಡು ಲೋಟ ಚಾ ಆಗಲೇ ಮೇಜಿನ ಮೇಲಿತ್ತು.

"ಕೊನೇ ಪುಟದವರೆಗೂ ಕೇಳಿದ್ಯಾ ಭಾಯಿ?"

"ಕೇಳಿದೆ ಮೇಷ್ಟ್ರೇ."

"ಕೊನೇಲಿ... ಏನೂ ಅನ್ನಿಸ್ಲಿಲ್ವಾ?"

"ಏನೂ ಇಲ್ಲ. ಎಲ್ಲಾ ಸರಿಯಾಗಿತ್ತು."

ಅವರು ಮೇಜಿನ ಮೇಲೆ ತಡವಿ ಒಂದು ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ, "ಸರಿಯಪ್ಪ, ಚಾ ಕುಡಿ" ಅಂದರು. ನನ್ನ ಮೇಲಿನ ನಂಬಿಕೆಯೋ, ದಾಕ್ಷಿಣ್ಯವೋ, ವರದಿಯನ್ನು ತಮ್ಮ ಕಂಪ್ಯೂಟರಿನಿಂದಲೇ ಕಳಿಸಿದರು.

ಹದಿನೇಳನೆಯ ಪುಟದ ಫಲಿತಾಂಶವನ್ನು ಮೇಷ್ಟ್ರು ತಮ್ಮ ವರದಿಯಲ್ಲಿ ತಪ್ಪಾಗಿ ಬರೆದಿದ್ದರು. ಅಂದು ಅವರಿಗೆ ಮಂಪರಿತ್ತು. ನಾನು ಆ ತಪ್ಪನ್ನೂ ಇಳಿಸಿಕೊಂಡಿದ್ದೆ. ಎರಡು ಬೇರೆ ತಂತ್ರಾಂಶಗಳು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಹೇಗೆ ಎಂದು ಮಂಡಳಿಯವರು ಕೇಳಿದರು. ಎರಡು ವರದಿಯೂ ಒಂದೇ ಮನೆಯಿಂದ ಬಂದಿವೆ, ಈ ಎರಡನೆಯ ಮನುಷ್ಯ ನಿಜವಾಗಿ ಇದ್ದಾನೆಯೇ ಎಂದೂ ಕೇಳಿದರು.

ಮೇಷ್ಟ್ರು ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಬೈಯಕ್ಕೆ ಬಂದಿಲ್ಲ ಭಾಯಿ. ನೀನು ಇದ್ದೀಯ ಅಂತ, ಏನು ನಡೀತು ಅಂತ, ಒಂದು ಸಾಲು ಬರೆದುಕೊಡು. ಆ ಪುಟಗಳನ್ನ ಮತ್ತೆ ಕೇಳಣ. ನಿಯಮ ಉಳ್ಕೊಳ್ತದೆ."

"ನಾಳೆ ಬರೀತೀನಿ ಮೇಷ್ಟ್ರೇ" ಅಂದೆ. ನನ್ನ ಹೆಸರು ಪ್ರಪಂಚಕ್ಕೆಲ್ಲ ಕಾಣುತ್ತದೆಂಬ ನಾಚಿಕೆ. ನಾಳೆ ಅಂದೆ, ನಾಳಿದ್ದು ಅಂದೆ. ಮಂಡಳಿಯವರು ಕೊಟ್ಟ ಗಡುವು ಕಳೆಯಿತು. ವರದಿಗಳನ್ನು ತಳ್ಳಿಹಾಕಿದರು, ನಿಯಮವನ್ನು ಬದಿಗಿಟ್ಟರು. ಕಳ್ಳವರದಿಯವರು ಎಂಬ ಹೆಸರು ಮೇಷ್ಟ್ರಿಗೆ ಬಂತು. ನನ್ನ ಸುದ್ದಿಯನ್ನು ಅವರು ಯಾರಿಗೂ ಹೇಳಲಿಲ್ಲ. ಕಂಪ್ಯೂಟರಿಗೆ ಬಟ್ಟೆ ಮುಚ್ಚಿದರು. ಒಂದು ದಿನ ಗೂಡನ್ನು ನನ್ನ ಅಂಗೈಯಲ್ಲಿಟ್ಟು, "ನಿನ್ನ ಹತ್ರಾನೇ ಇರ್ಲಿ, ಇನ್ನು ನಂಗ್ಯಾಕೆ" ಅಂದರು. ಮರುವರ್ಷ ರಂಜಾನಿಗೆ ಮುಂಚೆ ಹೋಗಿಬಿಟ್ಟರು.

ಆಮೇಲೆ ಬೇರೆ ಯಾವುದೋ ದೇಶದಲ್ಲಿ ಬೇರೆ ಇಬ್ಬರು ನಿಜವಾಗಿ ಕೇಳಿ ಬರೆದರಂತೆ. ನಿಯಮ ಸೇರಿತು. ಅದರಲ್ಲಿ ಮೇಷ್ಟ್ರ ಹೆಸರಿಲ್ಲ.

ಈಗ ನನಗೂ ಸಕ್ಕರೆ. ಸೊಸೆ ನನ್ನ ಫೋನಿಗೆ ಓದುವ ದನಿ ಹಾಕಿಕೊಟ್ಟಿದ್ದಾಳೆ. ನನ್ನ ಲ್ಯಾಬಿನ ವರದಿಯನ್ನು ಅದು "ಊಟಕ್ಕೆ ಮುಂಚೆ", "ಊಟದ ನಂತರ" ಎಂದು ಬಿಡಿಸಿ ಹೇಳುತ್ತದೆ. ಮೇಷ್ಟ್ರ ದನಿ. ಅವರು ಸತ್ತಮೇಲೂ ಒಂದು ದಿನವೂ ಮುಪ್ಪಾಗದ ದನಿ.

ಗೂಡು ಸಿಕ್ಕಿದ ಮಧ್ಯಾಹ್ನ ಸೊಸೆಯಿಂದ ಆ ಹಳೆಯ ಪುಟಗಳನ್ನು ಹುಡುಕಿಸಿದೆ. ಎಲ್ಲರಿಗೂ ತೆರೆದಿಟ್ಟ ಇಂಥ ಕೆಲಸದಲ್ಲಿ ಏನನ್ನೂ ಅಳಿಸುವುದಿಲ್ಲವಂತೆ. ಮಂಡಳಿಯವರ ಇಂಗ್ಲಿಷ್ ಟಿಪ್ಪಣಿಯನ್ನು ಕನ್ನಡಕ್ಕೆ ತಿರುಗಿಸಲು ಅವಳು ಏನನ್ನೋ ಒತ್ತಿದಳು. ಮೇಷ್ಟ್ರು ಓದಿದರು. ನನ್ನ ಪೂರ್ತಿ ಹೆಸರು ಹೇಳಿ, ಸ್ವಲ್ಪ ತಡೆದು, "ಇಂಥ ವ್ಯಕ್ತಿ ಇರುವುದಕ್ಕೆ ಆಧಾರವಿಲ್ಲ" ಅಂದರು.

"ಯಾರ್ದು ಮಾವ ಈ ದನಿ? ನಮ್ಮೂರೋರ್ ತರಾನೇ ಅದಲ್ಲ" ಅಂದಳು ಸೊಸೆ. ಅವಳು ಒಳಗೆ ಹೋದ ಮೇಲೆ ಗೂಡನ್ನು ಅಲ್ಲಾಡಿಸಿ, ಪರೀಕ್ಷೆಯ ಒಂದನೆಯ ಪುಟದಿಂದ ಕೇಳುತ್ತ ಕೂತೆ. ಹದಿನೇಳು ಕಳೆಯಿತು, ಮೂವತ್ತು ಕಳೆಯಿತು. ಬಿಸಿಲು ಹೊಸ್ತಿಲು ದಾಟಿತು. ನಲವತ್ತನೆಯ ಪುಟದ ಪಟ್ಟಿಯ ಕೊನೆಯ ಮನೆಯಲ್ಲಿ ಅಂಕಿ ಇರಲಿಲ್ಲ. ಮೇಷ್ಟ್ರು ಓದಿದರು:

"ಇಲ್ಲಿವರೆಗೂ ಕೇಳಿದ್ಯಾ ಭಾಯಿ? ಹಂಗಾದ್ರೆ ನೀನೇ ಸಾಕ್ಷಿ. ಎದ್ದು ಬಾ, ಚಾ ಆರೋಗ್ತದೆ."

ಅಂದು ಎರಡು ಲೋಟ ಇಟ್ಟುಕೊಂಡು ಅವರು ಕಾದಿದ್ದು ಈ ಮಾತು ನನ್ನ ಬಾಯಲ್ಲಿ ಬರಲಿ ಎಂದು. ಬರದೇ ಹೋದಾಗಲೇ ಅವರಿಗೆ ಗೊತ್ತಾಗಿತ್ತು... ಗೊತ್ತಿದ್ದೂ ಚಾ ಕುಡಿ ಅಂದಿದ್ದರು.

ಅವರು ಕೇಳಿದ ಒಂದು ಸಾಲನ್ನು ಈಗ ಬರೆಯುತ್ತಿದ್ದೇನೆ. ನಾನು ಇದ್ದೇನೆ. ಕೇಳದೆಯೇ ಕೇಳಿದೆನೆಂದು ಬರೆದವನು ನಾನು, ಕಳ್ಳವರದಿ ನನ್ನದು. ಪಕ್ಕದ ಮನೆಗೆ ಬೀಗ ಬಿದ್ದು ಬಹಳ ದಿನವಾಯಿತು, ಈ ಸಾಲನ್ನು ತೆಗೆದುಕೊಳ್ಳಲು ಅಲ್ಲಿ ಯಾರೂ ಇಲ್ಲ. ಫೋನಿಗೆ ತೋರಿಸಿದರೆ ಇದನ್ನೂ ಓದಿ ಹೇಳುತ್ತದೆ, ಅದೇ ದನಿಯಲ್ಲಿ. ಆದರೆ ನಮ್ಮ ಮೇಷ್ಟ್ರನ್ನು ನಾನು ಕ್ಷಮೆ ಕೇಳದೆಯೇ ಕಳುಹಿಸಿಕೊಟ್ಟೆ.