ತಾಯಕ್ಕನ ಮೂರು ಬೆರಳು

ಕಂಪ್ಲಿಯ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಹೆಂಗಸರ ಕಡೆ ಕಿಟಕಿ ಪಕ್ಕದ ಚಾಪೆ ತಾಯಕ್ಕನದು, ಅದರ ಮಗ್ಗುಲಿನದು ನನ್ನದು. ನಾನು ಪಂಪಾವತಿ, ಬ್ಲೌಸ್ ಹೊಲಿಯುವವಳು. ಬಾಯಿ ಸ್ವಲ್ಪ ಜೋರು ಅಂತ ಸಭೆಯವರೆಲ್ಲ ಹೇಳುತ್ತಾರೆ, ನಾನೂ ಅಲ್ಲವೆನ್ನುವುದಿಲ್ಲ. ತಾಯಕ್ಕನಿಗಾದರೋ ಬಾಯಿಯೇ ಇಲ್ಲ. ಹಾಗಾಗಿ ಅವಳ ಕತೆಯನ್ನು ನಾನೇ ಹೇಳಬೇಕಾಗಿದೆ.

ತಾಯಕ್ಕ ಬುಕ್ಕಸಾಗರದ ಗದ್ದೆಗಳಲ್ಲಿ ನಾಟಿ ಮಾಡುತ್ತ ಬೆಳೆದವಳು. ಗಂಡ ತೀರಿಕೊಂಡ ವರ್ಷ ನಮ್ಮ ಸಭೆಗೆ ಬಂದಳು. ಬಂದ ಮೊದಲ ಭಾನುವಾರವೇ, ಯಾರೂ ಹೇಳದೆ, ಮೂಲೆಯಲ್ಲಿದ್ದ ಕಸಬರಿಗೆ ಹಿಡಿದಳು. ಮುಂದೆ ಚಾಪೆ ಕೊಡವುವುದು, ಕ್ರಿಸ್ಮಸ್ ಊಟದ ಪಾತ್ರೆ ತಿಕ್ಕುವುದು, ಕಾಯಿಲೆಯವರ ಮನೆಗೆ ಗಂಜಿ ಒಯ್ಯುವುದು ಎಲ್ಲ ಅವಳ ಪಾಲಿಗೆ ಬಂತು. ಯಾರೋ ಒಬ್ಬರು ಗೊಣಗದೆ ಕೆಲಸ ಮಾಡುತ್ತಾರೆ ಅಂತಾದರೆ ಉಳಿದವರಿಗೆಲ್ಲ ಸೊಂಟ ನೋವು ಶುರುವಾಗುತ್ತದೆ.

ನಮ್ಮ ಪಾಸ್ಟರ ಹೆಸರು ಪಂಪೇಶ್. ಹಂಪಿಯ ದೇವರ ಹೆಸರು ಆಧಾರ್ ಕಾರ್ಡಿನಲ್ಲಿ ಇನ್ನೂ ಹಾಗೇ ಇದೆ. ನನ್ನ ಹೆಸರೂ ಅದೇ ಬಗೆಯದಾದ್ದರಿಂದ ನಾನು ನಗುವಂತಿಲ್ಲ. ಒಳ್ಳೆಯ ಮನುಷ್ಯ. ತಾಯಕ್ಕನಿಗೆ ಕೆಲಸ ಕೊಡಿಸಿದ್ದೂ ಅವರೇ. ಕಾಲುವೆಯ ಆಚೆ ಓಣಿಯ ಚೆನ್ನಬಸಮ್ಮ ಎಂಬ ಲಿಂಗಾಯತರ ಅಜ್ಜಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋಗಿತ್ತು. ಮಗ ಲಿಂಗರಾಜ್ ದೋಣಿಮಲೈ ಗಣಿಯಲ್ಲಿ ಕೆಲಸಕ್ಕಿದ್ದು, ಅಲ್ಲಿನ ಕ್ವಾರ್ಟರ್ಸಿನಿಂದ ಯಾವಾಗಲೋ ಒಮ್ಮೆ ಬರುತ್ತಿದ್ದ. ಸೊಸೆ ಸುಕನ್ಯಾ ಹೊಸಪೇಟೆಯಲ್ಲಿ ಶಾಲೆಯ ಟೀಚರ್, ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೇ ಮನೆ. ನಂಬಿಕೆಯ ಹೆಂಗಸೊಬ್ಬಳು ಬೇಕು ಎಂದು ಅವರು ಕೇಳಿದಾಗ ಪಾಸ್ಟರ್ ತಾಯಕ್ಕನ ತಲೆಯ ಮೇಲೆ ಕೈಯಿಟ್ಟು ಕಳಿಸಿದರು.

"ಮಂಚದ ಮ್ಯಾಲೆ ಕರ್ತನ ಮಲಗ್ಯಾನ ಅಂತ ತಿಳಕೊಂಡು ಮಾಡು ತಾಯಕ್ಕಾ," ಎಂದರು. "ಆಕಿ ಬಾಯಿಬಿಟ್ಟು ಕೇಳಾಕ ಆಗಂಗಿಲ್ಲ. ಕೇಳಲಾರದ್ದನ್ನ ನೀನ ತಿಳಕೊಂಡು ಮಾಡಬೇಕು."

ತಾಯಕ್ಕ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೇ ಹೋದಳು.

ಮೊದಲ ದಿನ ಅಜ್ಜಿಗೆ ಮೈ ತೊಳೆದು, ಸೀರೆ ಉಡಿಸಿ, ಹಾಲು-ಅನ್ನ ಮೆತ್ತಗೆ ಕಲಸಿದಳು. ಊಟಕ್ಕೆ ಮುಂಚೆ ಯಾವಾಗಲೂ ಮಾಡುವಂತೆ ಕಣ್ಣು ಮುಚ್ಚಿ, ಎರಡು ಮಾತು ಪ್ರಾರ್ಥನೆ ಹೇಳಿ, ತುತ್ತನ್ನು ಅಜ್ಜಿಯ ಬಾಯಿಗೆ ಹಿಡಿದಳು. ಬಾಯಿ ತೆರೆಯಲಿಲ್ಲ. ಬೆಲ್ಲ ಹಾಕಿ ನೋಡಿದಳು, ಬಿಸಿ ಮಾಡಿ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಕೊರಳಿನ ಲಿಂಗವನ್ನು ಎಡಗೈಯಲ್ಲಿ ಹಿಡಿದು ಗೋಡೆಯ ಗೂಡನ್ನೇ ನೋಡುತ್ತಿರುವುದು ತಾಯಕ್ಕನ ಕಣ್ಣಿಗೆ ಬಿತ್ತು. ಗೂಡಿನಲ್ಲಿ ವಿಭೂತಿಯ ಗಟ್ಟಿ ಇತ್ತು. ಹಚ್ಚಿಕೊಳ್ಳುವ ಬಲಗೈ ಸತ್ತುಹೋಗಿತ್ತು, ಎಡಗೈಯಲ್ಲಿ ಲಿಂಗವಿತ್ತು. ಸೊಸೆ ಹೊರಡುವ ಹೊತ್ತಿಗೆ ಅಜ್ಜಿಯ ಸ್ನಾನವೇ ಆಗಿರುವುದಿಲ್ಲ, ಸ್ನಾನವಾಗದೆ ವಿಭೂತಿ ಇಲ್ಲ, ವಿಭೂತಿಯಿಲ್ಲದೆ ಅಜ್ಜಿಗೆ ಅನ್ನವಿಲ್ಲ. ತಾಯಕ್ಕ ಮೂರು ಬೆರಳು ಒದ್ದೆ ಮಾಡಿ ಗಟ್ಟಿಗೆ ಉಜ್ಜಿ ಅಜ್ಜಿಯ ಹಣೆಗೆ ಎಳೆದಳು. ಮತ್ತೆ ಕೈ ತೊಳೆದು, ಕಣ್ಣು ಮುಚ್ಚಿ ತನ್ನ ಪ್ರಾರ್ಥನೆ ಹೇಳಿ ತುತ್ತು ಹಿಡಿದಾಗ ಅಜ್ಜಿ ಬಾಯಿ ತೆರೆದಳು. ಅಂದಿನಿಂದ ಭಾನುವಾರವೂ ಬಿಡದೆ ದಿನವೂ ಹಾಗೆಯೇ ನಡೆಯಿತು; ರಾತ್ರಿ ಅಜ್ಜಿಗೆ ಹಾಲಷ್ಟೇ.

ಒಂದು ಶುಕ್ರವಾರದ ಉಪವಾಸ ಪ್ರಾರ್ಥನೆಗೆ ತಾಯಕ್ಕ ಕೆಲಸದಿಂದ ನೇರ ಬಂದಿದ್ದಳು. ಕೈಯೆತ್ತಿ ಸ್ತೋತ್ರ ಹೇಳುವಾಗ ಅವಳ ಉಗುರಿನ ಸಂದಿಯ ಬಿಳುಪು ಎರ್ರೆಮ್ಮನಿಗೆ ಕಂಡಿತು. ಎರ್ರೆಮ್ಮ ನಮ್ಮ ಸಭೆಯ ಹಿರಿಯರ ಹೆಂಡತಿ. ಆಕೆಗೆ ಪ್ರಾರ್ಥನೆಯಲ್ಲೂ ಕಣ್ಣು ಪೂರ್ತಿ ಮುಚ್ಚಿ ಅಭ್ಯಾಸವಿಲ್ಲ.

"ಏನಬೇ ಅದು ಬೆರಳಿಗೆ?"

ಅಕ್ಕಿ ಹಿಟ್ಟು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ಮಹಾತಾಯಿ, ವಿಭೂತಿಯನ್ನು ಮುಚ್ಚಿಡದೆ, "ಇಬತ್ತಿರಿ," ಅಂದಳು.

ಪಾಸ್ಟರ್ ಅವಳನ್ನು ಕರೆದು ಬೈಯಲಿಲ್ಲ, ಅದೇ ಕಷ್ಟವಾಯಿತು. ಮೆಲ್ಲಗೆ ಹೇಳಿದರು: "ಕೆಲಸ ಬಿಡಬ್ಯಾಡ, ಅದು ಕರ್ತನಿಗೆ ನಿನ್ನ ಸಾಕ್ಷಿ. ಅದೊಂದು ಮಾತ್ರ ಮಾಡಬ್ಯಾಡ. ಅದನ್ನ ಬಿಡೋತನಕ ನಿನಗ ಕರ್ತನ ಭೋಜನ ಇಲ್ಲ." ಮರುದಿನ ತಾಯಕ್ಕ ವಿಭೂತಿ ಮುಟ್ಟಲಿಲ್ಲ. ಅಜ್ಜಿ ತುಟಿ ಬಿಗಿದುಕೊಂಡು ಮಲಗಿದಳು, ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಸಂಜೆ ಬಂದ ಸುಕನ್ಯಾ ತಲೆ ಹಿಡಿದುಕೊಂಡು ಕುಳಿತಳು. "ಉಣಲಿಲ್ಲ ಅಂದ್ರ ಗುಳಿಗಿ ಹ್ಯಾಂಗ ಕೊಡ್ಲಿ ತಾಯಕ್ಕಾ? ನಿನ್ನ ಕೈ ಮುಗೀತೀನಿ, ಹಚ್ಚಿಬಿಡು." ಅದರ ಮರುದಿನ ತಾಯಕ್ಕ ಹಚ್ಚಿದಳು.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ, ಮತ್ತೆ ಈಸ್ಟರ್ ದಿನ, ಕರ್ತನ ಕೊನೆಯ ಊಟದ ನೆನಪಿಗೆ ಕರ್ತನ ಭೋಜನ. ರೊಟ್ಟಿಯ ಚೂರುಗಳ ತಟ್ಟೆ ಕೈಯಿಂದ ಕೈಗೆ ಬರುತ್ತದೆ. ಎರ್ರೆಮ್ಮ ಆ ತಟ್ಟೆಯನ್ನು ತಾಯಕ್ಕನ ಮೊಣಕಾಲಿನ ಮೇಲಿಂದ ಚಾಚಿ ನನಗೆ ಕೊಡತೊಡಗಿದಳು. ತಾಯಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ಮೂರು ತಿಂಗಳು ಆ ಮುಖ ನೋಡಿದೆ ನಾನು. ಗಂಡ ಹೋದ ಮೇಲೆ ಅವಳಿಗೆ ತನ್ನದು ಅಂತ ಇದ್ದದ್ದು ಆ ಒಂದು ಚೂರು ರೊಟ್ಟಿ, ಅದನ್ನೇ ಕಿತ್ತುಕೊಂಡಿದ್ದರು.

"ಸಭಿ, ಕೆಲಸ ಎರಡೂ ಬಿಟ್ಟು ಬುಕ್ಕಸಾಗರಕ್ಕ ಹೋಗು," ಎಂದು ಒಮ್ಮೆ ರೇಗಿದೆ.

"ನಾ ಹೋದ್ರ ಆಕಿಗೆ ಉಣಸೋರ್ಯಾರು?" ಎಂದಳು. "ಹೊಲಿಗಿ ಹಾಕಿದ ಚೀಲದಾಗ ಇದ್ದಂಗ ಆಗೇತಿ ಪಂಪಾವತಿ. ಉಸಿರ ಸಿಗವಲ್ದು. ಮಾಡಿದ್ರ ಕರ್ತನ ಮುಂದ ತಪ್ಪು ಅಂತಾರ. ಬಿಟ್ರ ಅಜ್ಜಿ ಮುಂದ ತಪ್ಪು ಆಗ್ತೈತಿ."

ನನಗೆ ಸಿಟ್ಟು ಉಕ್ಕಿತು. ಪಾಸ್ಟರ ಮೇಲೋ, ಎರ್ರೆಮ್ಮನ ಮೇಲೋ, ಇವಳ ಮೇಲೋ ಗೊತ್ತಾಗಲಿಲ್ಲ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂದಾಗ ಒಂದು ದಾರಿ ಕಂಡಿತು. ಸುಕನ್ಯಾ ಮನೆಯಲ್ಲೇ ಇರುವುದರಿಂದ ವಿಭೂತಿ ತಾನೇ ಹಚ್ಚುತ್ತೇನೆ ಎಂದಳು. ತಾಯಕ್ಕ ಅಜ್ಜಿಯ ಮೈ ತೊಳೆದು ಅಂಗಳಕ್ಕೆ ಬರುವಳು, ಸೊಸೆ ವಿಭೂತಿ ಹಚ್ಚುವಳು, ತಾಯಕ್ಕ ಒಳಗೆ ಹೋಗಿ ಉಣಿಸುವಳು. ಎಲ್ಲ ಸಲೀಸಾಗಿ ನಡೆಯಿತು. ಪಾಸ್ಟರಿಗೆ ಬಹಳ ಸಂತೋಷವಾಯಿತು. "ಈಸ್ಟರ್ ದಿನ ನೀನೂ ತಗೊ ತಾಯಕ್ಕಾ," ಎಂದರು. ಜೂನ್‌ನಲ್ಲಿ ಶಾಲೆ ತೆರೆದರೆ ಏನು ಗತಿ ಎಂದು ಅವರೂ ಕೇಳಲಿಲ್ಲ, ನಾವೂ ಎತ್ತಲಿಲ್ಲ.

ಈಸ್ಟರ್ ದಿನ ತಾಯಕ್ಕ ಮೊದಲ ಸಲ ಪೂರ್ತಿ ರಜೆ ಕೇಳಿದಳು. ಬಿಳಿ ಸೀರೆ ಉಟ್ಟು ಚಾಪೆಯ ಮೇಲೆ ನೆಟ್ಟಗೆ ಕೂತಿದ್ದಳು. ಪಾಸ್ಟರ ಪ್ರಸಂಗ ಮುಗಿಯುವ ಹೊತ್ತಿಗೆ ನನ್ನ ಫೋನ್ ಅದುರಿತು, ಸುಕನ್ಯಾ; ತಾಯಕ್ಕನಿಗೆ ಫೋನ್ ಇಲ್ಲ, ನನ್ನ ನಂಬರನ್ನೇ ಕೊಟ್ಟಿದ್ದಳು. ಹೊರಗೆ ಹೋಗಿ ಎತ್ತಿದೆ.

"ಸ್ನಾನ ಮಾಡಿಸೀನಿ, ಇಬತ್ತಿ ಹಚ್ಚೀನಿ, ಆದ್ರೂ ಬಾಯಿ ತೆರೀವಲ್ರು. ತಾಯಕ್ಕ ಮತ್ತೇನರ ಮಾಡ್ತಿದ್ಲೇನು, ಕೇಳ್ರಿ."

ಒಳಗೆ ಬಂದು ತಾಯಕ್ಕನ ಕಿವಿಯಲ್ಲಿ ಹೇಳಿದೆ. ಪಾಸ್ಟರ್ ಆಗಲೇ ರೊಟ್ಟಿ ಮುರಿಯುತ್ತಿದ್ದರು. ತಾಯಕ್ಕ ಆ ರೊಟ್ಟಿಯನ್ನೇ ಒಂದು ಗಳಿಗೆ ನೋಡಿದಳು. "ಮತ್ತೇನೂ ಮಾಡ್ತಿದ್ದಿಲ್ಲ," ಎಂದು ಎದ್ದಳು. ನಾನೂ ಅವಳ ಹಿಂದೆ ನಡೆದೆ.

ಅಜ್ಜಿಯ ಹಣೆಯಲ್ಲಿ ವಿಭೂತಿ ನೀಟಾಗಿತ್ತು. ತಾಯಕ್ಕ ಅವಸರದಲ್ಲಿ ಬಟ್ಟಲು ಇಸಿದುಕೊಂಡು ತುತ್ತು ಹಿಡಿದಳು. ತುಟಿ ಬಿಗಿದೇ ಇತ್ತು. "ಯಾಕಬೇ ಅಮ್ಮಾ?" ಎಂದಳು. ಅಜ್ಜಿ ಅವಳ ಮುಖವನ್ನು ಒಮ್ಮೆ ನೋಡಿ ತನ್ನ ಎರಡೂ ಕಣ್ಣು ಮುಚ್ಚಿಕೊಂಡಳು. ಮುಚ್ಚಿಕೊಂಡು ಕಾದಳು.

ತಾಯಕ್ಕನಿಗೆ ಹೊಳೆಯಿತು. ಬಟ್ಟಲು ತೊಡೆಯ ಮೇಲಿಟ್ಟುಕೊಂಡು ತಾನೂ ಕಣ್ಣು ಮುಚ್ಚಿದಳು. "ಕರ್ತನೇ, ಈ ಅನ್ನಕ್ಕ ಸ್ತೋತ್ರ. ಈ ತಾಯಿ ಮೈಗೆ ಹತ್ತಲಿ. ಆಮೆನ್." ಆಮೆನ್ ಕೇಳಿದ್ದೇ ಅಜ್ಜಿ ಬಾಯಿ ತೆರೆದಳು.

ನನಗೆ ಅಳು ತಡೆಯಲಾಗಲಿಲ್ಲ. ಸುಕನ್ಯಾ ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಈ ನಿಮ್ಮ ಪ್ರಾರ್ಥನಿ ನಾ ಹ್ಯಾಂಗ ಹೇಳ್ಲಿ ತಾಯಕ್ಕಾ? ನೀ ಬರಲಾರದ ದಿನ ನಾನ ಹೇಳಬೇಕಲ್ಲ? ಯಜಮಾನ್ರಿಗೆ ಗೊತ್ತಾದ್ರ, ನಮ್ಮ ಮಂದಿ ಕೇಳಿದ್ರ, ಈ ಮನ್ಯಾಗ ನಂದೇನು ಉಳೀತೈತಿ?"

ಮೂರು ತಿಂಗಳು ಕಿಟಕಿ ಪಕ್ಕದ ಚಾಪೆಯ ಮೇಲೆ ನಾನು ನೋಡಿದ ಮುಖವೇ ಅದು. ತಾಯಕ್ಕನಿಗೂ ಗುರುತು ಹತ್ತಿತು.

"ನೀವು ಹೇಳಬ್ಯಾಡ್ರಿ ಅಕ್ಕಾರ," ಎಂದಳು, ಅಜ್ಜಿಯ ಗಲ್ಲ ಒರೆಸುತ್ತ. "ಯಾವತ್ತೂ ಹೇಳಬ್ಯಾಡ್ರಿ. ನಾ ದಿನಾ ಬರ್ತೀನಿ. ಇನ್ಮ್ಯಾಲೆ ರಜಾ ಕೇಳಂಗಿಲ್ಲ."

ನಾವು ತಿರುಗಿ ಬರುವಷ್ಟರಲ್ಲಿ ಆರಾಧನೆ ಮುಗಿದು ಜನ ಹೋಗಿದ್ದರು. ಪಾಸ್ಟರ್ ಒಬ್ಬರೇ ಕಾಯುತ್ತಿದ್ದರು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದೇ ಒಂದು ಚೂರು ರೊಟ್ಟಿ.

"ನಿನಗಂತ ತೆಗೆದಿಟ್ಟೀನಿ, ಬಾ," ಎಂದರು.

ತಗೊ, ಸುಮ್ಮನೆ ತಗೊ ಎಂದು ನಾನು ಹಿಂದಿನಿಂದ ಅವಳ ಬೆನ್ನಿಗೆ ತಿವಿದೆ. ತಾಯಕ್ಕ ಹತ್ತಿರ ಹೋದಳು. ಕೈ ಅರ್ಧ ಚಾಚಿದಳು.

"ಅಯ್ಯಾರ, ಶಾಲಿ ಚಾಲೂ ಆದ ಮ್ಯಾಲೆ ಮತ್ತ ನಾನ ಇಬತ್ತಿ ಹಚ್ಚಾಕಿ. ಇವತ್ತ ಹೇಳಲಾರದ ತಗೊಂಡ್ರ ಮೋಸ ಆಗ್ತೈತ್ರಿ."

ಪಾಸ್ಟರ್ ತಟ್ಟೆ ಚಾಚಲೂ ಇಲ್ಲ, ಹಿಂದೆ ತೆಗೆದುಕೊಳ್ಳಲೂ ಇಲ್ಲ, ಹಿಡಿದುಕೊಂಡು ನಿಂತೇ ಇದ್ದರು. ತಾಯಕ್ಕ ಕೈ ಇಳಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯ ಕಸಬರಿಗೆ ತೆಗೆದುಕೊಂಡು, ಕಿಟಕಿ ಪಕ್ಕದಿಂದ ಗುಡಿಸತೊಡಗಿದಳು.